ಏನ್ ಓದಾಕತ್ತೀರಿ?: ಓದುತ್ತಿರುವ ಪುಸ್ತಕದ ಸುದ್ದಿ ಊರಾಗ ಹಂಚಿಕೊಳ್ಳುವುದು ಯಾಕೆ, ಹೇಗೆ

ತಿರ್ಲಾಪುರ (ನವಲಗುಂದ ತಾ.): ನಮ್ಮ ಕಡೆ ಇಬ್ಬರು ಎದುರಾದರೆ ಮೊದಲ ಮಾತು "ಊಟಾ ಆತ್ರೀ?" ಎರಡನೇದು "ನಿಮ್ಮ ಹೊಲದ ಕಡೆ ಮಳಿ ಹೆಂಗೈತ್ರೀ?" ಮೂರನೇದು ಹತ್ತಿ, ಕಡಲಿ, ಮೆಣಸಿನಕಾಯಿ ರೇಟು. ಇದರ ನಡುವೆ ಯಾರಾದರೂ "ಏನ್ ಓದಾಕತ್ತೀರಿ?" ಅಂತ ಕೇಳಿದರೆ, ಎದುರಿನವರು "ಯಾವ ಪರೀಕ್ಷೆಗೆ?" ಅಂತ ತಿರುಗಿ ಕೇಳುತ್ತಾರೆ.

ಓದು ಅಂದರೆ ಪಿಎಸ್‌ಐ, ಎಫ್‌ಡಿಎ, ಪಿಡಿಒ ಪರೀಕ್ಷೆ ಅಷ್ಟೇ ಅಂತ ಆಗಿಬಿಟ್ಟಿದೆ. ನನ್ನಂಗ ಡಿಗ್ರಿ ಅರ್ಧಕ್ಕ ಬಿಟ್ಟವರ ಕೈಯಾಗ ಪುಸ್ತಕ ಕಂಡರಂತೂ "ಮತ್ತ ಕಾಲೇಜಿಗೆ ಹೊಂಟಿ ಏನೋ ತಮ್ಮಾ?" ಅಂತಾರೆ. ಆದರೆ ಕಾದಂಬರಿ ಓದುವ ಕಿರಾಣಿ ಅಂಗಡಿಯವರಿದ್ದಾರೆ, ವಚನ ಓದುವ ಅಜ್ಜಂದಿರಿದ್ದಾರೆ, ಮಧ್ಯಾಹ್ನ ಕೆಲಸ ಮುಗಿಸಿ ವಾರಪತ್ರಿಕೆ ಹಿಡಿಯುವ ಅಕ್ಕಂದಿರಿದ್ದಾರೆ. ಓದುವವರು ಇದ್ದಾರೆ, ಯಾರು ಏನು ಓದುತ್ತಾರೆ ಅನ್ನುವುದು ಮಾತ್ರ ಒಬ್ಬರಿಗೊಬ್ಬರಿಗೆ ಗೊತ್ತಿಲ್ಲ. ಗೊತ್ತಾದರೆ ಏನು ಲಾಭ, ಗೊತ್ತು ಮಾಡಿಕೊಳ್ಳೋದು ಹೆಂಗ ಅನ್ನುವುದರ ಮಾಹಿತಿ ಇಲ್ಲಿದೆ.

ಮೊದಲ ಕಾರಣ: ದುಡ್ಡು ನಿಮ್ಮದೇ

ಮನೆಯ ಅಥವಾ ಅಂಗಡಿಯ ಆಸ್ತಿ ತೆರಿಗೆ ಕಟ್ಟಿದ ಪಂಚಾಯತಿ ರಸೀದಿ ತೆಗೆದು ನೋಡಿರಿ. ತೆರಿಗೆಯ ಕೆಳಗೆ ಶಿಕ್ಷಣ, ಆರೋಗ್ಯ, ಭಿಕ್ಷುಕರ ಕರಗಳ ಜೊತೆಗೆ "ಗ್ರಂಥಾಲಯ ಕರ" ಅಂತ ಒಂದು ಸಾಲು ಇರುತ್ತದೆ. ತೆರಿಗೆಯ ಪ್ರತಿ ನೂರು ರೂಪಾಯಿಗೆ 6 ರೂಪಾಯಿ. ವರ್ಷಕ್ಕೆ 1,000 ರೂಪಾಯಿ ತೆರಿಗೆ ಕಟ್ಟುವ ಅಂಗಡಿಕಾರರು 60 ರೂಪಾಯಿ ಗ್ರಂಥಾಲಯಕ್ಕೆ ಅಂತ ಕೊಟ್ಟಂಗಾತು. ಇದಕ್ಕೆ ಮೂಲ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ.

ಹಳ್ಳಿಯ ಗ್ರಂಥಾಲಯಗಳು ಮೊದಲು ಗ್ರಂಥಾಲಯ ಇಲಾಖೆಯ ಕೈಯಲ್ಲಿದ್ದವು. 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ ನವೆಂಬರ್ 14ರ ಮಕ್ಕಳ ದಿನಾಚರಣೆಗೆ "ಓದುವ ಬೆಳಕು" ಕಾರ್ಯಕ್ರಮ ಶುರುವಾಗಿ, 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ಆಮೇಲೆ ಜನರಿಂದ ಪುಸ್ತಕ ಸಂಗ್ರಹಿಸಲು "ಪುಸ್ತಕ ಜೋಳಿಗೆ" ಅಭಿಯಾನ ನಡೆಯಿತು. ಈಗ ಈ ಗ್ರಂಥಾಲಯಗಳಿಗೆ "ಅರಿವು ಕೇಂದ್ರ" ಅಂತ ಹೆಸರು.

ಅಂದರೆ ಕರ ನಿಮ್ಮದು, ಕೇಂದ್ರ ನಿಮ್ಮ ಪಂಚಾಯತಿಯದು. ಆದರೆ ಯಾವ ಪುಸ್ತಕ ಬೇಕು ಅಂತ ಯಾರೂ ಬಾಯಿ ಬಿಡದಿದ್ದರೆ ಬಂದದ್ದೇ ಪುಸ್ತಕ, ಇಟ್ಟದ್ದೇ ಕಪಾಟು. ಹತ್ತು ಜನ ತಾವು ಓದುತ್ತಿರುವುದನ್ನು ಹೇಳಿಕೊಂಡರೆ ಹತ್ತು ಹೆಸರಿನ ಪಟ್ಟಿ ತಾನಾಗೇ ತಯಾರಾಗುತ್ತದೆ. ಅದನ್ನು ಪಂಚಾಯತಿ ಮುಂದೆ ಇಡಬಹುದು. ಓದಿನ ಸುದ್ದಿ ಹಂಚಿಕೊಳ್ಳುವುದು ಬರೇ ಹವ್ಯಾಸ ಅಲ್ಲ, ಹಕ್ಕು ಕೇಳುವ ಒಂದು ದಾರಿಯೂ ಹೌದು.

ಇದು ನಮ್ಮ ಸೀಮೆಗೆ ಹೊಸದಲ್ಲ

ಶ್ರಾವಣ ಬಂತೆಂದರೆ ಮಠದಲ್ಲಿ, ಗುಡಿಯಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಊರು ಕೂತು ಕೇಳುತ್ತದೆ. ಮರುದಿನ ಹೊಲಕ್ಕೆ ಹೋಗುವಾಗ "ನಿನ್ನೆ ಎಲ್ಲಿ ಮಟಾ ಬಂದಿತ್ತು?" ಅಂತ ಕೇಳುತ್ತಾರೆ. ಒಂದು ಪುಸ್ತಕ, ಓದು ಬಲ್ಲವರು ಒಬ್ಬರೋ ಇಬ್ಬರೋ, ಕೇಳುವವರು ನೂರು ಜನ. ಕುಮಾರವ್ಯಾಸನ ಊರು ಅಂತ ಹೆಸರಾದ ಕೋಳಿವಾಡ ಇಲ್ಲೇ ಹುಬ್ಬಳ್ಳಿ ತಾಲೂಕಿನಲ್ಲಿದೆ. ಅವನ ಭಾರತ ಹಳ್ಳಿ ಹಳ್ಳಿಗೆ ಮುಟ್ಟಿದ್ದು ಹೀಗೆ ಓದಿ, ಕೇಳಿ, ಹೇಳಿ.

ಪಕ್ಕದ ಹಾವೇರಿ ಸೀಮೆಯ ಗಳಗನಾಥರು (ವೆಂಕಟೇಶ ತಿರಕೋ ಕುಲಕರ್ಣಿ) ಕಾದಂಬರಿ ಬರೆದದ್ದಷ್ಟೇ ಅಲ್ಲ, ಪುಸ್ತಕದ ಗಂಟು ಹೊತ್ತು ಊರೂರು ನಡೆದು ಮಾರಿದರು. ಕನ್ನಡ ಓದುವವರೇ ಕಡಿಮೆ ಇದ್ದ ಕಾಲ ಅದು. ಮನೆ ಬಾಗಿಲಿಗೆ ಹೋಗಿ ಪುಸ್ತಕದ ಬಗ್ಗೆ ಹೇಳಿದ್ದರಿಂದ ಓದುಗರು ಹುಟ್ಟಿದರು.

ಧಾರವಾಡದಲ್ಲಿ 1890ರ ಜುಲೈ 20ರಂದು ಕರ್ನಾಟಕ ವಿದ್ಯಾವರ್ಧಕ ಸಂಘ ಶುರುವಾಯಿತು. 1920ರ ದಶಕದಲ್ಲಿ ದ.ರಾ. ಬೇಂದ್ರೆಯವರ ಸುತ್ತ "ಗೆಳೆಯರ ಗುಂಪು" ಕಟ್ಟಿಕೊಂಡಿತು. ಶಂ.ಬಾ. ಜೋಶಿ, ವಿ.ಕೃ. ಗೋಕಾಕ, ಬೆಟಗೇರಿ ಕೃಷ್ಣಶರ್ಮರಂಥವರು ಅದರಲ್ಲಿದ್ದರು. ಅತ್ತಿಕೊಳ್ಳದಲ್ಲಿ ಕೂತು ಬರೆದದ್ದನ್ನು, ಓದಿದ್ದನ್ನು ಒಬ್ಬರ ಮುಂದೆ ಒಬ್ಬರು ಇಡುತ್ತಿದ್ದರು. ಇವತ್ತು ನಾವು ದೊಡ್ಡ ಹೆಸರು ಅನ್ನುವವರೆಲ್ಲ ಆಗ ಓದಿ ಮಾತಾಡುವ ಗೆಳೆಯರು, ಅಷ್ಟೇ.

1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಆರಂಭಿಸಿದರು. ಓದುಗರು ಚಂದಾ ಕಟ್ಟಿದರೆ ಪುಸ್ತಕ ಮನೆಗೆ ಬರುವ ಪದ್ಧತಿ. ಗ್ರಂಥಮಾಲೆಯ "ಅಟ್ಟ" ಲೇಖಕರೂ ಓದುಗರೂ ಕೂತು ಹರಟುವ ಜಾಗವಾಗಿ ಹೆಸರಾಯಿತು. ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಇಲ್ಲಿಂದಲೇ ಹೊರಬಂತು. ಹುಬ್ಬಳ್ಳಿಯಿಂದ 1956ರಲ್ಲಿ ಶುರುವಾದ 'ಕಸ್ತೂರಿ' ಮಾಸಿಕವಂತೂ ಒಂದು ಪುಸ್ತಕದ ಸಾರ ಹೇಳುವುದಕ್ಕೇ "ಪುಸ್ತಕ ವಿಭಾಗ" ಇಟ್ಟಿತ್ತು. ಪೂರ್ತಿ ಪುಸ್ತಕ ಕೊಳ್ಳಲಾಗದ ಎಷ್ಟೋ ಹಳ್ಳಿ ಓದುಗರಿಗೆ ಅದೇ ಪುಸ್ತಕದ ಪರಿಚಯ.

ಹೇಳದಿದ್ದರೆ ಏನಾಗುತ್ತದೆ?

2025ರ ಮೇ 20ರಂದು ಹಾಸನದ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅನುವಾದ ಮಾಡಿದವರು ಕೊಡಗಿನ ದೀಪಾ ಭಾಸ್ತಿ. ಆಗ ಎಲ್ಲರೂ "ಯಾವ ಪುಸ್ತಕ? ಎಲ್ಲಿ ಸಿಗ್ತೈತಿ?" ಅಂತ ಕೇಳತೊಡಗಿದರು. ಆದರೆ ಅದರಲ್ಲಿರುವ 12 ಕತೆಗಳು 1990ರಿಂದ 2023ರ ನಡುವೆ ಬರೆದವು. ಎಷ್ಟೋ ಕತೆಗಳು ಕನ್ನಡದಲ್ಲಿ ಹತ್ತಿಪ್ಪತ್ತು, ಮೂವತ್ತು ವರ್ಷದಿಂದ ಇದ್ದವು.

ನಮ್ಮ ಭಾಷೆಯ ಕತೆ ಓದಿರಿ ಅಂತ ನಮಗೆ ಲಂಡನ್ನಿನಿಂದ ಸುದ್ದಿ ಬರಬೇಕಾಯಿತು. ಓದಿದ್ದ ಯಾರಾದರೂ ಬಸ್ ಸ್ಟ್ಯಾಂಡಿನಲ್ಲೋ, ಹಿಟ್ಟಿನ ಗಿರಣಿಯಲ್ಲೋ "ಇದನ್ನ ಓದ್ರಿ" ಅಂದಿದ್ದರೆ ಬೂಕರ್ ತನಕ ಕಾಯುವ ಕೆಲಸ ಇರುತ್ತಿರಲಿಲ್ಲ.

ಅಂಗಡಿಕಾರರಿಗೆ: ಉದ್ರಿ ಪುಸ್ತಕದ ಪಕ್ಕ ಇನ್ನೊಂದು ಪುಸ್ತಕ

ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಪಂಚಗಣಿ ಹತ್ತಿರ ಭಿಲಾರ ಅಂತ ಒಂದು ಹಳ್ಳಿ ಇದೆ. ಸ್ಟ್ರಾಬೆರಿ ಬೆಳೆಯುವ ಊರು. 2017ರ ಮೇ 4ರಂದು ಅದನ್ನು "ಪುಸ್ತಕಗಳ ಊರು" ಅಂತ ಉದ್ಘಾಟಿಸಿದರು. ದೊಡ್ಡ ಕಟ್ಟಡ ಕಟ್ಟಲಿಲ್ಲ. ಊರಿನ ಮನೆ, ಶಾಲೆ, ಗುಡಿ ಅಂತ 25 ಜಾಗಗಳಲ್ಲಿ ಕಪಾಟು ಇಟ್ಟು ಪುಸ್ತಕ ತುಂಬಿದರು. ಯಾರು ಬೇಕಾದರೂ ಕೂತು ಓದಬಹುದು.

ಭಿಲಾರಕ್ಕೆ ಸರ್ಕಾರದ ಬೆಂಬಲ ಇತ್ತು. ನಮ್ಮಲ್ಲಿ ಅಷ್ಟು ಬೇಕಾಗಿಲ್ಲ. ಚಾದಂಗಡಿಯಲ್ಲಿ ಒಂದೇ ಪೇಪರನ್ನು ನಾಲ್ಕು ಹಾಳೆ ಮಾಡಿ ನಾಲ್ಕು ಜನ ಓದುವ ರೂಢಿ ನಮಗೆ ಮೊದಲಿಂದ ಇದೆ. ಕಟಿಂಗ್ ಅಂಗಡಿ, ಟೇಲರ್ ಅಂಗಡಿ, ಗಿರಣಿ, ಗೊಬ್ಬರದ ಅಂಗಡಿಯಲ್ಲಿ ಜನ ಕಾಯುತ್ತಾ ಕೂರುತ್ತಾರೆ. ಅಲ್ಲಿ ಹೀಗೆ ಮಾಡಬಹುದು:

• ಕರಿ ಹಲಗೆ ಅಥವಾ ರಟ್ಟು ಒಂದನ್ನು ತೂಗುಹಾಕಿ. ಮೇಲೆ "ಈ ವಾರ ನಾವು ಓದಾಕತ್ತಿದ್ದು" ಅಂತ ಬರೆಯಿರಿ. ಮೊದಲ ಹೆಸರು ಅಂಗಡಿಯವರದೇ ಇರಲಿ. ಬಂದವರು ತಮ್ಮದನ್ನು ಸೇರಿಸುತ್ತಾರೆ.

• ನಾಲ್ಕೈದು ಪುಸ್ತಕ ಇಟ್ಟರೆ ಸಾಕು. ಕೊಡುವಾಗ ಉದ್ರಿ ಬರೆದಂಗ ಬರೆಯಿರಿ: ಹೆಸರು, ಪುಸ್ತಕ, ಒಯ್ದ ದಿನ, ವಾಪಸ್ ತಂದ ದಿನ. ಉದ್ರಿ ವಸೂಲಿ ಮಾಡಲು ಗೊತ್ತಿದ್ದವರಿಗೆ ಪುಸ್ತಕ ವಸೂಲಿ ಕಷ್ಟ ಅಲ್ಲ.

• ವಾಪಸ್ ತಂದವರಿಗೆ "ಹೆಂಗಿತ್ರೀ?" ಅಂತ ಒಂದು ಮಾತು ಕೇಳಿ. ಪಕ್ಕದಲ್ಲಿ ಕೂತವರೂ ಕೇಳಿಸಿಕೊಳ್ಳುತ್ತಾರೆ. ಮುಂದಿನ ಓದುಗರು ಅಲ್ಲೇ ಸಿಗುತ್ತಾರೆ.

ಹೇಳುವುದು ಹೇಗೆ? ನಾಲ್ಕು ಮಾತು ಸಾಕು

ಪುಸ್ತಕದ ಬಗ್ಗೆ ಹೇಳು ಅಂದರೆ ಭಾಷಣ ಅಂತ ತಿಳಿದು ಹಿಂಜರಿಯುವವರು ಬಹಳ. ಭಾಷಣ ಬ್ಯಾಡ. ಇಷ್ಟು ಹೇಳಿರಿ:

1. ಪುಸ್ತಕದ ಹೆಸರು, ಬರೆದವರ ಹೆಸರು.
2. ಎಲ್ಲಿ ಮಟಾ ಬಂದೀರಿ. ಪೂರ್ತಿ ಮುಗಿಸಬೇಕು ಅಂತ ಇಲ್ಲ. "ಐವತ್ತು ಪುಟ ಆಗ್ಯಾವ" ಅಂದರೂ ನಡೆಯುತ್ತದೆ.
3. ಯಾರಿಗೆ ಹಿಡಿಸಬಹುದು. "ಹೊಲ ಮನಿ ಮಾಡೋರಿಗೆ", "ಹತ್ತನೇತ್ತಾ ಹುಡುಗರಿಗೆ", ಹೀಗೆ.
4. ಎಲ್ಲಿ ಸಿಕ್ಕಿತು. ಕೇಂದ್ರದ್ದೋ, ಕೊಂಡದ್ದೋ, ಬೀಗರ ಮನೆಯಿಂದ ತಂದದ್ದೋ.

ಕತೆಯ ಕೊನೆ ಮಾತ್ರ ಹೇಳಬಾರದು. ಅರ್ಧಕ್ಕೆ ಬಿಟ್ಟ ಪುಸ್ತಕದ ಬಗ್ಗೆಯೂ ಹೇಳಿರಿ. ಯಾಕೆ ಬಿಟ್ಟಿರಿ ಅನ್ನುವುದು ಮುಂದಿನವರಿಗೆ ಉಪಯೋಗ. ಕೃಷಿ ಪುಸ್ತಕ, ಪರೀಕ್ಷೆ ಗೈಡ್, ವಾರಪತ್ರಿಕೆ ಧಾರಾವಾಹಿ, ಜೀವನಚರಿತ್ರೆ ಎಲ್ಲಾ ಲೆಕ್ಕಕ್ಕೆ ಬರುತ್ತದೆ. ದೊಡ್ಡ ಪುಸ್ತಕ, ಸಣ್ಣ ಪುಸ್ತಕ ಅಂತ ಭೇದ ಮಾಡಿದರೆ ಅರ್ಧ ಜನ ಬಾಯಿ ಮುಚ್ಚುತ್ತಾರೆ.

ಓದು ಬರೆಹ ಬಾರದ ಹಿರಿಯರನ್ನು ಬಿಡಬೇಡಿ. ಮೊಮ್ಮಗಳು ದಿನಾ ಎರಡು ಪುಟ ಗಟ್ಟಿಯಾಗಿ ಓದಿದರೆ ಅಮ್ಮನೂ ಆ ಪುಸ್ತಕದ ಓದುಗಳೇ. ಪುರಾಣದ ಪದ್ಧತಿ ಅದೇ ತಾನೆ.

ಪುಸ್ತಕ ಎಲ್ಲಿಂದ? ಕಳಿಸೋದು ಹೆಂಗ?

ಅರಿವು ಕೇಂದ್ರ: ಮೇಲ್ವಿಚಾರಕರ ಹತ್ತಿರ ಸದಸ್ಯರಾಗಿ. ಬೇಕಾದ ಪುಸ್ತಕದ ಪಟ್ಟಿಯನ್ನು ಬಾಯಿಮಾತಿನಲ್ಲಿ ಹೇಳದೆ, ಬರೆದು ಸಹಿ ಮಾಡಿ ಪಂಚಾಯತಿಗೆ ಕೊಡಿ. ಗ್ರಾಮ ಸಭೆ ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಬೇಕು ಅಂತ ಕಾನೂನು ಇದೆ. ರಸ್ತೆ, ಗಟಾರದ ಜೊತೆ ಪುಸ್ತಕದ ಪಟ್ಟಿಯನ್ನೂ ಅಲ್ಲಿ ಎತ್ತಬಹುದು.

ಮೊಬೈಲ್: ರಾಜ್ಯ ಸರ್ಕಾರದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಲ್ಲಿ ಶುರುವಾಗಿದೆ. ನೋಂದಣಿ ಉಚಿತ.

ಅಂಚೆ: ಬೆಂಗಳೂರು, ಪುಣೆ ಕಡೆ ದುಡಿಯಲು ಹೋದ ಮಕ್ಕಳು ಓದಿ ಮುಗಿಸಿದ ಪುಸ್ತಕವನ್ನು ಊರಿಗೆ ಕಳಿಸಬಹುದು. ಅಂಚೆ ಇಲಾಖೆ 2025ರ ಮೇ 1ರಿಂದ "ಜ್ಞಾನ ಪೋಸ್ಟ್" ಸೇವೆ ಶುರು ಮಾಡಿದೆ. ಆರಂಭದ ದರ 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿಗೆ 100 ರೂಪಾಯಿ, ಮೇಲೆ ತೆರಿಗೆ. ಪಠ್ಯ, ಸಾಹಿತ್ಯ, ಧಾರ್ಮಿಕ ಪುಸ್ತಕಗಳಿಗೆ ಇದು ಅನ್ವಯ. ಜಾಹೀರಾತು ಇರುವ ಪ್ರಕಟಣೆಗಳಿಗೆ ಇಲ್ಲ. ಕಳಿಸುವ ಮೊದಲು ಪೋಸ್ಟ್ ಆಫೀಸಿನಲ್ಲಿ ಇವತ್ತಿನ ದರ ಕೇಳಿಕೊಳ್ಳಿ.

ಎರಡು ಎಚ್ಚರಿಕೆ

ಒಂದು, ಪಿಡಿಎಫ್. ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪೂರ್ತಿ ಪುಸ್ತಕವನ್ನೇ ಹಾಕುವ ಚಾಳಿ ಇದೆ. ಭಾರತದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. 1942ರಲ್ಲಿ ತೀರಿಕೊಂಡ ಗಳಗನಾಥರ ಕಾದಂಬರಿ ಹಂಚಿದರೆ ಅಡ್ಡಿ ಇಲ್ಲ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕೃತಿಗಳಿಗೆ 2041ರ ಕೊನೆಯವರೆಗೂ ಹಕ್ಕು ಇದೆ. ಮುಖಪುಟದ ಫೋಟೋ, ನಾಲ್ಕು ಮಾತು ಹಾಕಿ, ಪುಸ್ತಕ ಬೇಕಾದವರು ಕೊಳ್ಳಲಿ ಅಥವಾ ಎರವಲು ಒಯ್ಯಲಿ. ಕನ್ನಡದಲ್ಲಿ ಪುಸ್ತಕ ಮಾಡುವವರು ಬಹುಪಾಲು ಸಣ್ಣ ಪ್ರಕಾಶಕರು. ಅವರೂ ನಮ್ಮಂಗ ಅಂಗಡಿ ಇಟ್ಟವರೇ.

ಎರಡು, ಜಗಳ. "ಇಂಥಾ ಪುಸ್ತಕ ಓದ್ತಾನ ಅಂದ್ರ ಇಂಥಾ ಪಕ್ಷದವ, ಇಂಥಾ ಜಾತಿ ಪರ" ಅಂತ ಹಣೆಪಟ್ಟಿ ಹಚ್ಚಿದರೆ ಮುಂದಿನ ವಾರ ಹಲಗೆ ಖಾಲಿ. ಓದಾಕತ್ತೀನಿ ಅಂದರೆ ಒಪ್ಪಿಕೊಂಡೀನಿ ಅಂತ ಅರ್ಥ ಅಲ್ಲ. ಹೆಣ್ಣುಮಕ್ಕಳು ಏನು ಓದುತ್ತಾರೆ ಅನ್ನುವುದರ ಮೇಲೆ ಟೀಕೆ ಹೊಡೆಯುವುದೂ ನಿಲ್ಲಬೇಕು. ಹೆಸರು ಬರೆಯಲು ಸಂಕೋಚ ಇರುವವರು ಬರೇ ಪುಸ್ತಕದ ಹೆಸರು ಬರೆಯಲಿ.

ಶುರು ಮಾಡಲು ಖರ್ಚಿಲ್ಲ. ನಾಳೆ ಚಾದಂಗಡಿಗೆ ಹೋದಾಗ ಕಡಲಿ ರೇಟು ಕೇಳಿದ ಮೇಲೆ ಪಕ್ಕದವರಿಗೆ ಒಂದು ಮಾತು ಕೇಳಿರಿ: "ಕಾಕಾ, ಏನ್ ಓದಾಕತ್ತೀರಿ?" ಮೊದಲ ಸಲ ನಕ್ಕಾರು. ನಾಲ್ಕನೇ ಸಲಕ್ಕೆ ಉತ್ತರ ಬರುತ್ತದೆ. ಉತ್ತರ ಬಂದರೆ ಬರೆದಿಟ್ಟುಕೊಳ್ಳಿ, ಮುಂದಿನ ಗ್ರಾಮ ಸಭೆಗೆ ಪಟ್ಟಿ ಬೇಕಾಗುತ್ತದೆ.