ವಿಜ್ಞಾನದ ಖರ್ಚು ಯಾರ ಖಾತೆಗೆ?

ಕುವೈತ್‌ನ ರಾಯ್ ಎಂದರೆ ಹೆಚ್ಚಿನವರಿಗೆ ಶುಕ್ರವಾರದ ಸಂತೆ, ಗೋದಾಮುಗಳು, ಅವೆನ್ಯೂಸ್ ಮಾಲ್. ಇಲ್ಲಿ ಲೆಕ್ಕಪತ್ರ ನೋಡಿ ಬದುಕುವ ನನ್ನ ಕಣ್ಣಿಗೆ ಬೀಳುವುದು ಬೇರೆಯೇ. ಕುವೈತಿನ ಷೇರು ಕಂಪನಿಗಳ ಲಾಭ-ನಷ್ಟದ ಪಟ್ಟಿಯಲ್ಲಿ, ನಿವ್ವಳ ಲಾಭಕ್ಕೆ ತುಸು ಮೇಲೆ, ಪ್ರತಿ ವರ್ಷ ಒಂದು ಸಾಲು ಇರುತ್ತದೆ: ಕುವೈತ್ ವಿಜ್ಞಾನ ಪ್ರಗತಿ ಪ್ರತಿಷ್ಠಾನಕ್ಕೆ ವಂತಿಗೆ.

ಈ ಪ್ರತಿಷ್ಠಾನ 1976ರಲ್ಲಿ ಅಮೀರರ ಆಜ್ಞೆಯಿಂದ ಹುಟ್ಟಿತು. ಮೊದಲು ಕಂಪನಿಗಳು ಲಾಭದ ಶೇ. 5ರಷ್ಟು ಕೊಡುತ್ತಿದ್ದವು. ಅದು ಶೇ. 2.5ಕ್ಕೆ, ಆಮೇಲೆ ಶೇ. 1ಕ್ಕೆ ಇಳಿಯಿತು. ಸಾಲ್ಮಿಯಾದ ವಿಜ್ಞಾನ ಕೇಂದ್ರ ಈ ಹಣದ್ದು. 2023ರ ಜನವರಿಯಲ್ಲಿ ಹಾರಿದ ಕುವೈತ್ ವಿಶ್ವವಿದ್ಯಾಲಯದ ಪುಟ್ಟ ಉಪಗ್ರಹ ಕುವೈತ್‌ಸ್ಯಾಟ್-1ಕ್ಕೂ ಇದೇ ಪ್ರತಿಷ್ಠಾನದ ನೆರವಿತ್ತು. ಸಂಬಳಕ್ಕೆ ಆದಾಯ ತೆರಿಗೆಯೇ ಇಲ್ಲದ ದೇಶದಲ್ಲೂ ವಿಜ್ಞಾನಕ್ಕೆ ಹೀಗೊಂದು ಕಡ್ಡಾಯದ ಪಾಲಿದೆ.

ನಮ್ಮ ದೇಶದಲ್ಲಾದರೋ ಪ್ರತಿ ರಾಕೆಟ್ ಹಾರುವಾಗಲೂ ಹಳೆಯ ಪ್ರಶ್ನೆ ಏಳುತ್ತದೆ: ಊರಲ್ಲಿ ಶಾಲೆಯ ಮಾಡು ಸೋರುವಾಗ ತೆರಿಗೆ ಹಣವನ್ನು ಚಂದ್ರನ ಮೇಲೆ ಸುರಿಯುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಲ್ಲವೆ? ಅದನ್ನು ಧನಿಕರೇ ಮಾಡಲಿ. ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಬೆಂಗಳೂರಿನ ಹಳೆಯ ಲೆಕ್ಕ ತೆರೆದರೆ ಉತ್ತರ ಸಿಗುತ್ತದೆ.

ಜಮ್‌ಶೆಟ್‌ಜಿ ಟಾಟಾ 1898ರಲ್ಲಿ ವಿಜ್ಞಾನ ಸಂಸ್ಥೆಗಾಗಿ ಸುಮಾರು 30 ಲಕ್ಷ ರೂಪಾಯಿಯ ಆಸ್ತಿ ಮೀಸಲಿಟ್ಟರು. ಧನಿಕರ ದಾನಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ. ಆದರೂ ಸಂಸ್ಥೆ ಏಳಲಿಲ್ಲ. ವೈಸ್‌ರಾಯ್ ಕರ್ಜನ್‌ಗೆ ಅನುಮಾನವಿತ್ತು. ಟಾಟಾ 1904ರಲ್ಲಿ ತೀರಿಕೊಂಡರು. 1907ರಲ್ಲಿ ಮೈಸೂರು ಸಂಸ್ಥಾನ 371 ಎಕರೆ ಭೂಮಿ ಕೊಟ್ಟು, ಆರಂಭದ ಖರ್ಚಿಗೆ 5 ಲಕ್ಷ ರೂಪಾಯಿ ಮತ್ತು ಪ್ರತಿ ವರ್ಷದ ಅನುದಾನಕ್ಕೆ ಒಪ್ಪಿದ ಮೇಲೆಯೇ ಕೆಲಸ ಮುಂದೆ ಸಾಗಿತು. 1909ರಲ್ಲಿ ಸಂಸ್ಥೆ ಸ್ಥಾಪನೆಯಾಯಿತು.

ಆ ಅನುದಾನ ಬಂದದ್ದು ಎಲ್ಲಿಂದ? ದೊಡ್ಡ ಪಾಲು ರೈತರ ಕಂದಾಯದಿಂದ. ಮೂವತ್ತು ವರ್ಷಗಳ ಹಿಂದಷ್ಟೇ ಭೀಕರ ಬರ ಕಂಡ, 1898ರಲ್ಲಿ ಪ್ಲೇಗಿಗೆ ಸಿಕ್ಕ ನಾಡು ಅದು. ಕಂದಾಯ ಕಟ್ಟಿದವರಿಗೆ ಅಂದು ಸಂಸ್ಥೆಯಿಂದ ದಕ್ಕಿದ್ದೇನೂ ಇಲ್ಲ. ಅದನ್ನು ಮುಚ್ಚಿಡಬೇಕಿಲ್ಲ.

ದಕ್ಕಿದ್ದು ತಡವಾಗಿ. ಆ ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ್ ಧವನ್ 1972ರಲ್ಲಿ ಇಸ್ರೋ ಅಧ್ಯಕ್ಷರಾದರು. ಇಸ್ರೋದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿ ನೆಲೆಯೂರಿತು. ಉಡುಪಿ ಬಳಿಯ ಅದಮಾರಿನವರಾದ ಯು.ಆರ್. ರಾವ್ ಅವರ ತಂಡ ಪೀಣ್ಯದ ಶೆಡ್ಡುಗಳಲ್ಲಿ, ನಮ್ಮ ರಾಯ್‌ನವುಗಳಿಗಿಂತ ಹೆಚ್ಚೇನಲ್ಲದ ಶೆಡ್ಡುಗಳಲ್ಲಿ, ಆರ್ಯಭಟ ಉಪಗ್ರಹವನ್ನು ಕಟ್ಟಿತು. 1975ರ ಏಪ್ರಿಲ್ 19ರಂದು ಅದು ಸೋವಿಯತ್ ರಾಕೆಟ್‌ನಲ್ಲಿ ಹಾರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಕೈಕೊಟ್ಟು ಪ್ರಯೋಗಗಳು ನಿಂತವು. ಲೆಕ್ಕಿಗ ಅದನ್ನು ನಷ್ಟವೆಂದೇ ಬರೆಯಬೇಕು. ಕೆಲಸ ಕಲಿತ ಎಂಜಿನಿಯರುಗಳು ಮಾತ್ರ ಯಾವ ಆಸ್ತಿಪಟ್ಟಿಯಲ್ಲೂ ಕಾಣುವುದಿಲ್ಲ.

ಅದೇ ವರ್ಷ ಆಗಸ್ಟಿನಲ್ಲಿ ಇಸ್ರೋ ಅಮೆರಿಕದ ಉಪಗ್ರಹವೊಂದನ್ನು ಬಳಸಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಮುಟ್ಟಿಸಿತು. ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ಕೃಷಿ, ಆರೋಗ್ಯದ ಮಾತು ಕನ್ನಡದಲ್ಲೇ ಬಂತು. ಮೈಸೂರು ಭೂಮಿ ಕೊಟ್ಟು ಆಗ 68 ವರ್ಷ. ಅಷ್ಟು ಕಾಲ ಕಾಯುವ ಷೇರುದಾರರನ್ನು ನಾನಂತೂ ಕಂಡಿಲ್ಲ. 2019ರಲ್ಲಿ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಅಪ್ಪಳಿಸಿದ ಮೇಲೂ ಮತ್ತೆ ಹಣ ಬಂದದ್ದರಿಂದಲೇ 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯಿತು. ದಾನದಿಂದ ಅಡಿಪಾಯ ಹಾಕಬಹುದು. ಸೋತ ಮರುವರ್ಷವೂ ಬರುವ ಹಣ ತೆರಿಗೆಯದು.

ಹಾಗಾಗಿ ತೆರಿಗೆ ಕೊಡಬೇಕು ಎಂಬುದೇ ನನ್ನ ಮತ. ಜೊತೆಗೆ ಒಂದು ಷರತ್ತು: ಕೊಟ್ಟವನಿಗೆ ಲೆಕ್ಕ ಕಾಣಬೇಕು. ಆಂತ್ರಿಕ್ಸ್-ದೇವಾಸ್ ಒಪ್ಪಂದ 2011ರಲ್ಲಿ ರದ್ದಾದಾಗ, ಮರುವರ್ಷ ಸಿಎಜಿ ಅದರ ಲೋಪಗಳನ್ನು ಬರೆದಾಗ, ವಿಜ್ಞಾನಕ್ಕೇನೂ ಅವಮಾನವಾಗಲಿಲ್ಲ. ಕುವೈತಿನ ಆ ಒಂದು ಸಾಲು ನನಗೆ ಹಿಡಿಸುವುದೂ ಇದಕ್ಕೇ. ಎಷ್ಟು ಕೊಟ್ಟೆವೆಂದು ಯಾರು ಬೇಕಾದರೂ ಓದಬಹುದು.

ಇಲ್ಲಿನ ನಮ್ಮ ಸಂಬಳಕ್ಕೆ ಇಲ್ಲೂ ಆದಾಯ ತೆರಿಗೆಯಿಲ್ಲ, ಊರಲ್ಲೂ ಇಲ್ಲ. ಇಸ್ರೋ ಗೆದ್ದ ದಿನ ಹಿಗ್ಗುವ ನಾವು, ಸೋತ ದಿನ ಖರ್ಚಿನ ಲೆಕ್ಕ ಕೇಳುವಾಗ, ಆ ಲೆಕ್ಕ ಕೇಳುವ ಮೊದಲ ಹಕ್ಕು ಬೆಂಕಿಪೊಟ್ಟಣ ಕೊಂಡಾಗಲೂ ತೆರಿಗೆ ಕಟ್ಟುವ ರಾಯಚೂರಿನ ಕೂಲಿಯದು ಎಂಬುದನ್ನು ನೆನಪಿಟ್ಟುಕೊಳ್ಳೋಣ.