ಕಸಿದುಕೊಂಡ ಆಟದ ತಾಸು

ಕಳೆದ ವರ್ಷ ನನ್ನ ಬಲಭುಜ ಬಿಗಿದುಕೊಂಡಿತು. ದಶಕಗಳ ಕಾಲ ಕರಿಹಲಗೆಯ ಮೇಲೆ ಬರೆದ ಕೈ, ತಲೆ ಬಾಚಿಕೊಳ್ಳಲೂ ಮೇಲೇಳದಾಯಿತು. ವೈದ್ಯರು ‘ಫ್ರೋಜನ್ ಶೋಲ್ಡರ್’ ಎಂದರು. ಮಧುಮೇಹ ಇರುವವರಲ್ಲಿ ಇದು ಹೆಚ್ಚಂತೆ. ಧಾರವಾಡದಲ್ಲಿ ಫಿಜಿಯೋಥೆರಪಿಗೆ ಹೋದರೆ, ಅಲ್ಲಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿ! ಬೆರಳುಗಳನ್ನು ಗೋಡೆಯ ಮೇಲೆ ಮೆಲ್ಲನೆ ಹತ್ತಿಸಲು ಹೇಳುತ್ತ ನಕ್ಕಳು: “ಸರ, ಆಟದ ತಾಸಿಗೆ ನೀವು ಸ್ವಾತಂತ್ರ್ಯ ಹೋರಾಟದ ಪಾಠ ಮಾಡ್ತಿದ್ರಿ, ನೆನಪೈತೇನ್ರಿ?”

ನೆನಪಿತ್ತು. ಪರೀಕ್ಷೆ ಹತ್ತಿರವಾದಂತೆ ಡ್ರಿಲ್ ಮಾಸ್ತರರನ್ನು ಒಪ್ಪಿಸಿ ಆ ತಾಸನ್ನು ಕಸಿದುಕೊಳ್ಳುತ್ತಿದ್ದೆ. ಇತಿಹಾಸದ ಶಿಕ್ಷಕನಾದ ನನಗೆ ಅದು ಕರ್ತವ್ಯನಿಷ್ಠೆಯಾಗಿ ಕಂಡಿತ್ತು.

ಆದರೆ ಆ ಹೋರಾಟದಲ್ಲಿ ನಮ್ಮ ಹುಬ್ಬಳ್ಳಿಯ ಪಾತ್ರಕ್ಕೆ ಮೈದಾನವೂ ಬಲ ಕೊಟ್ಟಿತ್ತು ಎಂಬುದನ್ನು ನಾನು ಒತ್ತಿ ಹೇಳಲಿಲ್ಲ. ಡಾ. ನಾ. ಸು. ಹರ್ಡೀಕರರು (1889–1975) ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ವೈದ್ಯರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಹುಬ್ಬಳ್ಳಿಯ ಸ್ವಯಂಸೇವಕರು ಸೆರೆಮನೆಯ ಕಷ್ಟಕ್ಕೆ ಜಗ್ಗದೆ, ಕ್ಷಮೆ ಬೇಡದೆ ನಿಂತರು. ಅದೇ ವರ್ಷದ ಕೊನೆಗೆ, ಕಾಕಿನಾಡ ಕಾಂಗ್ರೆಸ್ ಅಧಿವೇಶನದ ಕಾಲಕ್ಕೆ ಹರ್ಡೀಕರರ ಹಿಂದೂಸ್ತಾನಿ ಸೇವಾದಳ ರೂಪುಗೊಂಡಿತು. ಹುಬ್ಬಳ್ಳಿಯೇ ಅದರ ಕೇಂದ್ರ. ಕವಾಯತು, ವ್ಯಾಯಾಮ, ಶಿಸ್ತು ಅದರ ಪಾಠಗಳು. ಗಾಂಧೀಜಿಯವರ ಅಧ್ಯಕ್ಷತೆಯ 1924ರ ಬೆಳಗಾವಿ ಅಧಿವೇಶನದಲ್ಲಿ ಈ ಶಿಸ್ತನ್ನು ದೇಶವೇ ಕಂಡಿತು. 1932ರಲ್ಲಿ ಸರಕಾರ ಸೇವಾದಳವನ್ನು ನಿಷೇಧಿಸಿತು.

ಅದಕ್ಕೂ ಬಹು ಹಿಂದಿನಿಂದ ನಮ್ಮ ಓಣಿಗಳಲ್ಲಿ ಗರಡಿಮನೆಗಳಿದ್ದವು. ಅಲ್ಲಿಯ ವಸ್ತಾದರು ದಂಡ, ಬೈಠಕ್ ಮಾತ್ರ ಕಲಿಸುತ್ತಿರಲಿಲ್ಲ. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ, ನಿತ್ಯ ಅಗೆದು ಹದಗೊಳಿಸುತ್ತಿದ್ದರು; ಬಿದ್ದವನ ಎಲುಬು ಉಳಿಯಲೆಂದು. ಕುಸ್ತಿಯ ನಂತರ ಮೈ ತಿಕ್ಕುವುದು, ದಣಿವಾರಿಸಿಕೊಳ್ಳುವುದು ಸಾಧನೆಯ ಭಾಗವೇ ಆಗಿತ್ತು.

ಫಿಜಿಯೋಥೆರಪಿಯ ಹಾದಿ ಬೇರೆ. 1894ರಲ್ಲಿ ಇಂಗ್ಲೆಂಡಿನ ನಾಲ್ವರು ದಾದಿಯರು ಅಂಗಮರ್ದನಕ್ಕೆ ವೃತ್ತಿಯ ಗೌರವ ತರಲು ಒಂದು ಸಂಘ ಕಟ್ಟಿದರು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಆರೈಕೆಯಲ್ಲಿ ಆ ವಿದ್ಯೆ ಬೆಳೆಯಿತು. ಆದರೂ ನನ್ನ ಶಿಷ್ಯೆಯ ಮಾತು ವಸ್ತಾದರ ಮಾತಿನಂತೆಯೇ ಇತ್ತು: ಅವಸರ ಬೇಡ, ದಿನವೂ ತಪ್ಪಬೇಡ, ನೋವು ಹೆಚ್ಚಾದರೆ ನಿಲ್ಲಿಸು.

ತಿಂಗಳುಗಟ್ಟಲೆ ಹಿಡಿಯಿತು. ಈಗ ಕೈ ಕಿವಿಯ ಮಟ್ಟ ದಾಟಿದೆ. ಪೂರ್ತಿ ಏಳಲು ಇನ್ನೂ ಸಮಯ ಬೇಕು.

ಪ್ರಿಯ ಶಿಷ್ಯರೇ, ನಿಮ್ಮಲ್ಲಿ ಹಲವರು ಐವತ್ತರ ಹೊಸ್ತಿಲಲ್ಲಿದ್ದೀರಿ. ಒಮ್ಮೆಲೇ ಓಡಲು ಹೋಗಿ ಮಂಡಿ ಕೆಡಿಸಿಕೊಳ್ಳಬೇಡಿ. ಕುಳಿತೇ ಇರಲೂ ಬೇಡಿ. ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ, ವಿಶ್ರಾಂತಿಯನ್ನೂ ವ್ಯಾಯಾಮವೆಂದೇ ಎಣಿಸಿ. ನಿಮ್ಮ ಮಕ್ಕಳ ಆಟದ ತಾಸನ್ನು ಯಾರಾದರೂ ಕಸಿದುಕೊಂಡರೆ ಸುಮ್ಮನಿರಬೇಡಿ. ನಾನು ಕಸಿದುಕೊಂಡದ್ದಕ್ಕೆ ಕ್ಷಮೆಯಿರಲಿ.