ಝಿನೋವಿಯೆವ್ ಪತ್ರ ಮತ್ತು ಮೊದಲೇ ಗೊತ್ತಿದ್ದ ತೀರ್ಪುಗಳು

1924ರ ಅಕ್ಟೋಬರ್ 25, ಶನಿವಾರ. ಬ್ರಿಟನ್ನಿನ ಮಹಾಚುನಾವಣೆಗೆ ನಾಲ್ಕೇ ದಿನ ಉಳಿದಿತ್ತು. ಆ ಬೆಳಿಗ್ಗೆ ಲಂಡನ್ನಿನ ‘ಡೈಲಿ ಮೇಲ್’ ಒಂದು ಪತ್ರವನ್ನು ಅಚ್ಚು ಹಾಕಿತು. ಅದನ್ನು ಮಾಸ್ಕೋದ ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್, ಅಂದರೆ ಕೊಮಿಂಟರ್ನ್‌ನ ಅಧ್ಯಕ್ಷ ಗ್ರಿಗೊರಿ ಝಿನೋವಿಯೆವ್ ಬ್ರಿಟನ್ನಿನ ಕಮ್ಯುನಿಸ್ಟ್ ಪಕ್ಷಕ್ಕೆ ಬರೆದದ್ದು ಎಂದು ಪತ್ರಿಕೆ ಹೇಳಿತು. ಸೋವಿಯತ್ ಒಪ್ಪಂದಗಳಿಗೆ ಪಾರ್ಲಿಮೆಂಟಿನ ಒಪ್ಪಿಗೆ ಸಿಗುವಂತೆ ಕಾರ್ಮಿಕರನ್ನು ಬಡಿದೆಬ್ಬಿಸಿ, ಸೇನೆಯೊಳಗೆ ನಮ್ಮವರ ಗುಂಪುಗಳನ್ನು ಕಟ್ಟಿ ಎಂಬುದು ಅದರ ಸಾರ.

ಆಗ ಅಧಿಕಾರದಲ್ಲಿದ್ದದ್ದು ಆ ದೇಶದ ಮೊಟ್ಟಮೊದಲ ಲೇಬರ್ ಸರ್ಕಾರ. ಬಹುಮತವಿಲ್ಲದೆ ಒಂಬತ್ತು ತಿಂಗಳು ಏಗಿತ್ತು. ಪ್ರಧಾನಿ ರಾಮ್ಸೆ ಮ್ಯಾಕ್‌ಡೊನಾಲ್ಡ್ (ಮುಂದೆ 1932ರ ಕೋಮುವಾರು ತೀರ್ಪಿನಿಂದ ನಮ್ಮ ಪಠ್ಯಪುಸ್ತಕಗಳಿಗೂ ಬಂದವರು) ವಿದೇಶಾಂಗ ಖಾತೆಯನ್ನೂ ತಾವೇ ಇಟ್ಟುಕೊಂಡಿದ್ದರು. ಸೋವಿಯತ್ ಸರ್ಕಾರಕ್ಕೆ ಮಾನ್ಯತೆ ಕೊಟ್ಟವರು, ಆಗಸ್ಟಿನಲ್ಲಿ ಅದರೊಡನೆ ಒಪ್ಪಂದ ಮಾಡಿಕೊಂಡವರು ಅವರೇ. ಪತ್ರದ ಪ್ರತಿ ಬ್ರಿಟಿಷ್ ಗುಪ್ತಚರರ ರಿಗಾ ಠಾಣೆಯಿಂದ ಲಂಡನ್ನಿಗೆ ಬಂದು ಎರಡು ವಾರ ಕಳೆದಿತ್ತು. ಮ್ಯಾಕ್‌ಡೊನಾಲ್ಡ್ ಪ್ರಚಾರದ ಓಡಾಟದಲ್ಲಿದ್ದರು. ರಷ್ಯಾಕ್ಕೆ ಕಳಿಸಬೇಕಿದ್ದ ಪ್ರತಿಭಟನೆಯ ಕರಡನ್ನು ತಿದ್ದಿ ವಾಪಸು ಕಳಿಸಿದ್ದರೇ ಹೊರತು ಅಂತಿಮ ಒಪ್ಪಿಗೆ ಕೊಟ್ಟಿರಲಿಲ್ಲ. ಪತ್ರಿಕೆಯ ಕೈಗೆ ಪತ್ರ ಸಿಕ್ಕಿದೆಯೆಂದು ತಿಳಿದ ಕೂಡಲೇ ಅವರದೇ ಕಚೇರಿ ಪ್ರತಿಭಟನೆಯನ್ನೂ ಪತ್ರವನ್ನೂ ಹೊರಗೆ ಬಿಟ್ಟಿತು. ಪತ್ರ ಅಸಲಿ ಎಂದು ಸರ್ಕಾರವೇ ಮೊಹರು ಒತ್ತಿದಂತಾಯಿತು.

ಲಂಡನ್ನಿನಲ್ಲಿದ್ದ ಸೋವಿಯತ್ ಪ್ರತಿನಿಧಿ ರಕೋವ್ಸ್ಕಿ ಇದು ಖೋಟಾ ಎಂದು ತಕ್ಷಣ ಉತ್ತರಿಸಿದರು. ಸಂಸ್ಥೆಯ ಹೆಸರೇ ತಪ್ಪಾಗಿದೆ, ಸಹಿಯ ಕೆಳಗಿನ ಹುದ್ದೆಯ ಹೆಸರೂ ತಪ್ಪಾಗಿದೆ ಎಂಬುದು ರಷ್ಯದ ಕಡೆಯವರ ವಾದ. ಅದನ್ನು ಕೇಳುವ ವ್ಯವಧಾನ ಆ ವಾರ ಯಾರಿಗಿತ್ತು?

ಲೇಬರ್ ಸೋತಿತು. ಸೋತ ಸರ್ಕಾರ ಗಂಟುಮೂಟೆ ಕಟ್ಟುವ ಮೊದಲು ಒಂದು ಸಂಪುಟ ಸಮಿತಿಯನ್ನು ಕೂರಿಸಿತು. ಈ ಸಮಿತಿ ಏನು ಹೇಳೀತು ಎಂದು ಅಂದು ಯಾರಾದರೂ ಪಂದ್ಯ ಕಟ್ಟಿದ್ದರೆ ‘ಖೋಟಾ’ ಎಂಬುದರ ಮೇಲೇ ಕಟ್ಟುತ್ತಿದ್ದರು. ಕಟ್ಟಿದವರು ಸೋಲುತ್ತಿದ್ದರು. ಮೂಲ ಪತ್ರವನ್ನು ಯಾರೂ ನಮಗೆ ತೋರಿಸಿಲ್ಲ, ಹಾಗಾಗಿ ನಿಶ್ಚಿತವಾಗಿ ಏನನ್ನೂ ಹೇಳಲಾಗದು ಎಂದು ಸಮಿತಿ ಕೈಚೆಲ್ಲಿತು. ಪತ್ರದಿಂದ ಏಟು ತಿಂದವರೇ ‘ಗೊತ್ತಿಲ್ಲ’ ಎಂದರಲ್ಲ, ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವ ಸಂಗತಿ ಅದು.

ಉಳಿದವರಿಗೆ ಆ ಸಂಕೋಚ ಇರಲಿಲ್ಲ. ಹೊಸ ಪ್ರಧಾನಿ ಬಾಲ್ಡ್‌ವಿನ್ ಅವರ ಸರ್ಕಾರದಲ್ಲಿ ವಿದೇಶಾಂಗ ಸಚಿವ ಆಸ್ಟಿನ್ ಚೇಂಬರ್ಲೇನ್ ಅಧ್ಯಕ್ಷತೆಯ ಸಮಿತಿ ಮತ್ತೆ ಪರಿಶೀಲಿಸಿ, ಪತ್ರ ಅಸಲಿ, ಸಂಶಯವೇ ಇಲ್ಲ ಎಂದಿತು. ಮೂಲ ಪತ್ರ ಇವರ ಮುಂದೆಯೂ ಇರಲಿಲ್ಲ. ಅದೇ ಚಳಿಗಾಲದಲ್ಲಿ ರಷ್ಯಾಕ್ಕೆ ಹೋಗಿದ್ದ ಬ್ರಿಟಿಷ್ ಕಾರ್ಮಿಕ ಸಂಘಟನೆಗಳ ನಿಯೋಗ ಕೊಮಿಂಟರ್ನ್‌ನ ಕಡತಗಳನ್ನು ನೋಡಿ, ಅಂಥ ಪತ್ರ ಹೋಗಿಯೇ ಇಲ್ಲ ಎಂದಿತು. ಆ ಕಡತಗಳನ್ನು ತೆಗೆದಿಟ್ಟವರೂ ಕೊಮಿಂಟರ್ನ್‌ನವರೇ. ತನಿಖಾ ಆಯೋಗಗಳ ವರದಿ ಓದಿ ಪಳಗಿದ ನಮಗೆ ಇವೆರಡರಲ್ಲಿ ಅಚ್ಚರಿಯೇನಿಲ್ಲ. ಮೊದಲು ಆಯೋಗ ನೇಮಿಸಿದವರು ಯಾರೆಂದು ನೋಡುತ್ತೇವೆ, ಆಮೇಲೆ ವರದಿ.

ಆದರೆ ಗಮನಿಸಿ, ಎಲ್ಲರೂ ಕೆದಕಿದ್ದು ಪತ್ರ ಅಸಲಿಯೋ ನಕಲಿಯೋ ಎಂಬುದನ್ನು. ಸರ್ಕಾರದ ಗುಪ್ತ ಕಾಗದ ಚುನಾವಣೆಯ ವಾರದಲ್ಲಿ ಪತ್ರಿಕೆಯ ಮೇಜಿಗೆ ಹೇಗೆ ಬಂತು ಎಂಬುದು ಹಿಂದೆ ಬಿತ್ತು. ಹೊರಗಿನವರು ಕೈಹಾಕಿದರು ಎಂಬ ಗದ್ದಲದಲ್ಲಿ ಒಳಗಿನ ಕೈ ಮರೆಯಾಯಿತು. 1928ರಲ್ಲಿ ವಿದೇಶಾಂಗ ಕಚೇರಿಯ ಅಧಿಕಾರಿಗಳ ಫ್ರಾಂಕ್ ಸಟ್ಟಾ ವ್ಯಾಪಾರ ಬಯಲಿಗೆ ಬಂದಾಗ ಆ ಪ್ರಶ್ನೆ ಸ್ವಲ್ಪ ಮಿಸುಕಾಡಿ ಮತ್ತೆ ಮಲಗಿತು.

ಏಳು ದಶಕಗಳ ನಂತರ ಲೇಬರ್ ಸರ್ಕಾರದ ವಿದೇಶಾಂಗ ಸಚಿವ ರಾಬಿನ್ ಕುಕ್, ಕಚೇರಿಯ ಮುಖ್ಯ ಇತಿಹಾಸಕಾರ್ತಿ ಗಿಲ್ ಬೆನೆಟ್ ಅವರಿಗೆ ಈ ಕೆಲಸ ಒಪ್ಪಿಸಿದರು. ಗುಪ್ತಚರ ಕಡತಗಳು ಅವರಿಗೆ ತೆರೆದಿದ್ದವು, ಮಾಸ್ಕೋಗೂ ಹೋಗಿ ಬಂದರು. ಗುಪ್ತಚರ ಸಂಸ್ಥೆ ತಮ್ಮ ಸರ್ಕಾರದ ವಿರುದ್ಧ ಸಂಚು ಹೂಡಿತು ಎಂಬುದು ಲೇಬರ್ ಪಕ್ಷದಲ್ಲಿ ತಲೆಮಾರುಗಳಿಂದ ಬಂದ ನಂಬಿಕೆ. 1999ರ ವರದಿ ಅದನ್ನು ಪೂರ್ತಿ ಒಪ್ಪಲಿಲ್ಲ. ಪತ್ರ ಬಹುತೇಕ ಖೋಟಾ. ಕನ್ಸರ್ವೇಟಿವ್ ಪಕ್ಷದತ್ತ ಒಲವಿದ್ದ ಗುಪ್ತಚರ ವಲಯದವರಿಂದ ಅದು ಸೋರಿರುವ ಸಂಭವ ಹೆಚ್ಚು. ಆದರೆ ಸಂಸ್ಥೆಯೇ ಸೇರಿ ಹೂಡಿದ ಸಂಚಿಗೆ ಪುರಾವೆಯಿಲ್ಲ. ಪತ್ರ ಸೃಷ್ಟಿಸಿದವರು ಯಾರೆಂಬುದು ಅವರಿಗೂ ಖಚಿತವಾಗಲಿಲ್ಲ. ನೇಮಿಸಿದವರ ಪಕ್ಷ ನೋಡಿ ಭವಿಷ್ಯ ಹೇಳುವವರು ಇಲ್ಲಿಯೂ ಸೋಲುತ್ತಿದ್ದರು.

ಇಷ್ಟೆಲ್ಲ ನೆನಪಾದದ್ದು ಅಮೆರಿಕದ ರಾಬರ್ಟ್ ಮುಲ್ಲರ್ ತನಿಖೆಯಿಂದ. 2016ರ ಅಧ್ಯಕ್ಷೀಯ ಚುನಾವಣೆಯಲ್ಲಿ ರಷ್ಯದ ಹಸ್ತಕ್ಷೇಪದ ಕುರಿತು 2017ರ ಮೇ ತಿಂಗಳಲ್ಲಿ ತನಿಖೆ ಶುರುವಾದಂದಿನಿಂದ ಎರಡು ವರ್ಷ ಟಿವಿ ಪಂಡಿತರು ಅದರ ಫಲಿತಾಂಶ ಹೇಳುತ್ತಲೇ ಇದ್ದರು. ಟ್ರಂಪ್ ಜೈಲಿಗೆ ಎಂದರು ಕೆಲವರು, ಬರೀ ಸುಳ್ಳಿನ ಕಂತೆ ಎಂದರು ಕೆಲವರು. 2019ರಲ್ಲಿ ಹೊರಬಂದ 448 ಪುಟಗಳು, ರಷ್ಯದ ಹಸ್ತಕ್ಷೇಪ ವ್ಯಾಪಕವೂ ವ್ಯವಸ್ಥಿತವೂ ಆಗಿತ್ತು ಎಂದವು. ಟ್ರಂಪ್ ಪ್ರಚಾರ ತಂಡ ಅದರೊಡನೆ ಒಳಸಂಚು ನಡೆಸಿದ್ದು ಸಾಬೀತಾಗಲಿಲ್ಲ ಎಂದವು. ನ್ಯಾಯಕ್ಕೆ ಅಡ್ಡಿಪಡಿಸಿದ ಆರೋಪದಲ್ಲಿ ಅಧ್ಯಕ್ಷರು ತಪ್ಪಿತಸ್ಥರೆಂದೂ ಹೇಳಲಿಲ್ಲ, ದೋಷಮುಕ್ತರೆಂದೂ ಹೇಳಲಿಲ್ಲ. ಎರಡೂ ಪಾಳಯದವರು ತಮಗೆ ಬೇಕಾದ ಪುಟ ಹರಿದುಕೊಂಡು ಹೋದರು.

1924ರ ಮತಲೆಕ್ಕವನ್ನೂ ನೋಡಿ. ಲೇಬರ್ ಸ್ಥಾನಗಳು 191ರಿಂದ 151ಕ್ಕೆ ಇಳಿದವು ನಿಜ. ಆದರೆ ಅದರ ಮತಗಳು ಸುಮಾರು 10 ಲಕ್ಷ ಹೆಚ್ಚಿದವು. ನುಚ್ಚುನೂರಾದದ್ದು ಲಿಬರಲ್ ಪಕ್ಷ, 158ರಿಂದ 40ಕ್ಕೆ. ಪತ್ರವೇ ಚುನಾವಣೆಯನ್ನು ತಿರುಗಿಸಿತು ಎನ್ನಲು ಈ ಅಂಕಿಗಳು ಬಿಡುವುದಿಲ್ಲ. ಅದರಿಂದ ಏನೂ ಆಗಲಿಲ್ಲ ಎನ್ನಲೂ ಬರುವುದಿಲ್ಲ: ಬಾಲ್ಡ್‌ವಿನ್ ಸರ್ಕಾರ ನವೆಂಬರಿನಲ್ಲೇ ಸೋವಿಯತ್ ಒಪ್ಪಂದಗಳನ್ನು ಕೈಬಿಟ್ಟಿತು. ಸೋಲಿಗೆ ಪತ್ರವೇ ಕಾರಣವೆಂದು ನಂಬಿದ ಲೇಬರ್ ಪಕ್ಷ, ತನ್ನ ಉಳಿದ ಕಾರಣಗಳನ್ನು ಹುಡುಕುವ ತೊಂದರೆಯನ್ನೇ ತೆಗೆದುಕೊಳ್ಳಲಿಲ್ಲ. ಮೂಲ ಪತ್ರ ಇವತ್ತಿಗೂ ಸಿಕ್ಕಿಲ್ಲ.